ಎನೇಬಲ್: 'ಸಮರ್ಥಗೊಳಿಸು' ಅಂದರೆ ಸಾಕೇ?

ಪ್ರಶ್ನೆ: ನಾನು ಬಳಕೆದಾರರ ಕೈಪಿಡಿಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ. 'ಎನೇಬಲ್' ಅನ್ನುವ ಪದ ಪುಟಪುಟದಲ್ಲೂ ಸಿಗುತ್ತದೆ. ನಿಘಂಟು ನೋಡಿ 'ಸಮರ್ಥಗೊಳಿಸು', 'ಶಕ್ತಗೊಳಿಸು' ಅಂತ ಹಾಕಿದರೆ ವಾಕ್ಯ ಓದೋಕೇ ಆಗುವುದಿಲ್ಲ. ಇನ್ನೊಂದು ಕಡೆ, ಕುಡಿತದ ಚಟದ ಬಗ್ಗೆ ಓದುವಾಗ 'ಎನೇಬಲರ್' ಅನ್ನುವುದನ್ನು ಹೆಚ್ಚುಕಡಿಮೆ ಬೈಗುಳದ ಹಾಗೆ ಬಳಸಿದ್ದು ಕಂಡೆ. ಒಂದೇ ಪದ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಹೇಗೆ ಬರುತ್ತದೆ? 'ಅಲೋ' ಅನ್ನುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಕೊನೆಯದಾಗಿ, ನಾನು 'ದಿಸ್ ಆ್ಯಪ್ ಎನೇಬಲ್ಸ್ ಟು ಶೇರ್ ಫೋಟೋಸ್' ಅಂತ ಬರೆದದ್ದನ್ನು ತಪ್ಪು ಅಂದರು. ತಪ್ಪು ಎಲ್ಲಿದೆ?

ಉತ್ತರ: ನಿಮ್ಮ ಎಲ್ಲ ಪ್ರಶ್ನೆಗಳಿಗೂ ಬೇರು ಒಂದೇ. ಎನೇಬಲ್ ಅನ್ನುವುದು ಕೆಲಸ ಮಾಡುವ ಪದ ಅಲ್ಲ, ಕೆಲಸ ಆಗುವ ಹಾಗೆ ಮಾಡುವ ಪದ. ಆ ಕೆಲಸ ನಿಜಕ್ಕೂ ಆಯಿತೋ ಇಲ್ಲವೋ ಅನ್ನುವುದನ್ನು ಅದು ತಾನಾಗಿ ಹೇಳುವುದಿಲ್ಲ. ದಾರಿ ತೆರೆಯಿತು ಅನ್ನುತ್ತದೆ, ಅಷ್ಟೆ. ಆ ದಾರಿಯಲ್ಲಿ ಯಾರು ನಡೆದರು, ಒಳ್ಳೆಯದಕ್ಕೆ ನಡೆದರೋ ಕೆಟ್ಟದ್ದಕ್ಕೋ ಅನ್ನುವುದು ಸುತ್ತಲಿನ ವಾಕ್ಯದಿಂದ ಗೊತ್ತಾಗಬೇಕು. ಇದೊಂದನ್ನು ಹಿಡಿದುಕೊಂಡರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲು ಪದದ ಮೂಲ ನೋಡಿಬಿಡೋಣ. 'ಏಬಲ್' ಅನ್ನುವುದರ ಹಿಂದೆ ಲ್ಯಾಟಿನ್ನಿನ 'ಹ್ಯಾಬಿಲಿಸ್' ಇದೆ. ಕೈಗೆ ಸುಲಭವಾಗಿ ಒದಗುವ, ಹಿಡಿಯಲು ಹದವಾದ ಅಂತ ಅದರ ಅರ್ಥ. ಅದು ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಅದರ ಮುಂದೆ 'ಎನ್' ಸೇರಿಸಿ 15ನೇ ಶತಮಾನದಲ್ಲಿ ಕ್ರಿಯಾಪದ ಮಾಡಿಕೊಂಡರು. 'ಎನ್‌ರಿಚ್', 'ಎನ್‌ಲಾರ್ಜ್', 'ಎನ್‌ಡೇಂಜರ್' ಎಲ್ಲ ಇದೇ ಅಚ್ಚಿನವು. ಮುಂದಿರುವ ಗುಣವನ್ನು ತಂದುಕೊಡುವುದು ಆ 'ಎನ್' ಕೆಲಸ. ಉಚ್ಚಾರದಲ್ಲಿ ಒತ್ತು ಬೀಳುವುದು 'ನೇ' ಮೇಲೆ. ಶುರುವಿನ ಸ್ವರ ಇಂಗ್ಲಿಷರ ಬಾಯಲ್ಲಿ 'ಇ' ಕಡೆಗೇ ವಾಲುತ್ತದೆ. ನಾವು 'ಎ' ಅಂದರೂ ಕೇಳುವವರಿಗೆ ತೊಂದರೆ ಆಗುವುದಿಲ್ಲ. ಆದರೆ ಆ ಸ್ವರ 'ಅ' ಕಡೆಗೆ ಜಾರಿದರೆ 'ಅನೇಬಲ್' ಅಂದ ಹಾಗೆ ಕೇಳಿ, ಅರ್ಥವೇ ತಿರುಗಿಬಿಡುವ ಅಪಾಯ ಇದೆ. 'ಅನೇಬಲ್' ಅಂದರೆ 'ಆಗದ' ಅನ್ನುವ ಗುಣವಾಚಕ. ಅದು ಕ್ರಿಯಾಪದವೇ ಅಲ್ಲ. 'ಐ ಆ್ಯಮ್ ಅನೇಬಲ್ ಟು ಲಾಗಿನ್' ಸರಿ, 'ಐ ಅನೇಬಲ್ ಟು ಲಾಗಿನ್' ತಪ್ಪು. ಕಚೇರಿಯ ಇಮೇಲ್‌ಗಳಲ್ಲಿ ಇವೆರಡೂ ಅದಲುಬದಲಾಗಿ ಬರುವುದು ಜಾಸ್ತಿ.

ಈಗ 'ಅಲೋ' ವಿಷಯ. ಒಂದು ಕಟ್ಟಡ ನೆನೆಸಿಕೊಳ್ಳಿ. ಬಾಗಿಲ ಮೇಲೆ 'ಎಲ್ಲರಿಗೂ ಪ್ರವೇಶವಿದೆ' ಅಂತ ಫಲಕ. ಆದರೆ ಬಾಗಿಲ ಮುಂದೆ ಎಂಟು ಮೆಟ್ಟಿಲು. ಗಾಲಿಕುರ್ಚಿಯಲ್ಲಿ ಬಂದವರಿಗೆ ಅನುಮತಿ ಇದೆ, ಯಾರೂ ತಡೆಯುವುದಿಲ್ಲ. ಆದರೆ ಒಳಗೆ ಹೋಗಲು ಆಗುವುದಿಲ್ಲ. ಫಲಕ ಮಾಡುತ್ತಿರುವುದು ಅಲೋ. ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ಹಾದಿ ಕಟ್ಟಿದಿರಿ ಅನ್ನಿ, ಆ ಇಳಿಜಾರು ಮಾಡುವುದು ಎನೇಬಲ್. ಉಲ್ಟಾ ಕೂಡ ಇರಬಹುದು. ಇಳಿಜಾರು ಇದೆ, ಆದರೆ ಕಾವಲುಗಾರ ಬಿಡುತ್ತಿಲ್ಲ. ಆಗ ಎನೇಬಲ್ ಆಗಿದೆ, ಅಲೋ ಆಗಿಲ್ಲ. ಅನುಮತಿ ಬೇರೆ, ಆಗುವ ಅನುಕೂಲ ಬೇರೆ.

ಈ ಉದಾಹರಣೆಯನ್ನು ಬೇಕೆಂದೇ ತೆಗೆದುಕೊಂಡೆ. 1970ರ ದಶಕದಲ್ಲಿ ಬ್ರಿಟನ್ನಿನಲ್ಲಿ ಅಂಗವಿಕಲರೇ ಕಟ್ಟಿದ ಚಳವಳಿ ಈ ಜಾಗದಲ್ಲೇ ಕೈಯಿಟ್ಟಿತು. ನಮ್ಮನ್ನು 'ಡಿಸೇಬಲ್' ಮಾಡುತ್ತಿರುವುದು ನಮ್ಮ ದೇಹ ಅಲ್ಲ, ಮೆಟ್ಟಿಲು ಮಾತ್ರ ಕಟ್ಟಿ ಸುಮ್ಮನಾದ ಸಮಾಜ ಅನ್ನುವುದು ಅವರ ವಾದ. ಡಿಸೇಬಲ್ ಅನ್ನುವ ಕ್ರಿಯಾಪದಕ್ಕೆ ಕರ್ತೃ ಯಾರು ಅಂತ ಕೇಳಿದ್ದೇ ಆ ವಾದದ ಬಲ. ಒಂದು ಎಚ್ಚರಿಕೆ: ಮನುಷ್ಯರ ಮಟ್ಟಿಗೆ 'ಡಿಸೇಬಲ್ಡ್' ಪದದ ವಿರುದ್ಧಪದ 'ಎನೇಬಲ್ಡ್' ಅಲ್ಲ, 'ನಾನ್ ಡಿಸೇಬಲ್ಡ್'. ಸ್ವಿಚ್ಚಿಗೆ ಮಾತ್ರ ಎನೇಬಲ್ಡ್, ಡಿಸೇಬಲ್ಡ್ ಜೋಡಿ.

ಅಲೋಗೂ ಎನೇಬಲ್‌ಗೂ ಇನ್ನೂ ಒಂದು ಸೂಕ್ಷ್ಮ ಇದೆ. ಅಲೋ ಅನ್ನುವುದು ಸುಮ್ನೆ ಕೂತರೂ ನಡೆಯುತ್ತದೆ. ಸೂರು ಒಡೆದಿದ್ದರಿಂದ ಮಳೆನೀರು ಒಳಗೆ ಬಂತು ಅನ್ನುವಲ್ಲಿ ಇಂಗ್ಲಿಷಿನವರು ಒಡೆದ ಸೂರು ನೀರನ್ನು 'ಅಲೋ' ಮಾಡಿತು ಅನ್ನುತ್ತಾರೆ. ಅಲ್ಲಿ ಎನೇಬಲ್ ಹಾಕಿದರೆ ಸೂರು ಮಳೆಗೆ ಉಪಕಾರ ಮಾಡಿದ ಹಾಗೆ ಕೇಳುತ್ತದೆ. ಎನೇಬಲ್‌ನಲ್ಲಿ ಯಾರೋ, ಯಾವುದೋ ಏನಾದರೊಂದನ್ನು ಒದಗಿಸಿರಬೇಕು: ಹಣ, ಸಲಕರಣೆ, ಸಮಯ, ಅಧಿಕಾರ, ಮಾಹಿತಿ. ಹಾಗಂತ ಎರಡೂ ಎಲ್ಲ ಕಡೆ ಬೇರೆಬೇರೆ ಅಂತಲೂ ಅಲ್ಲ. 'ಈ ತಂತ್ರಾಂಶದಿಂದ ನೀವು ಚಿತ್ರ ತಿದ್ದಬಹುದು' ಅನ್ನುವಂಥ ಕಡೆ ಅಲೋ, ಎನೇಬಲ್, ಲೆಟ್ ಮೂರೂ ನಡೆಯುತ್ತವೆ. ಕೈಪಿಡಿಗೆ ನಾನು ಆರಿಸುವುದು ಲೆಟ್. ಅದು ಚಿಕ್ಕದು, ಎಲ್ಲರಿಗೂ ಗೊತ್ತಿರುವುದು.

ಕನ್ನಡದಲ್ಲಿ ಯೋಚಿಸಿದರೆ ಇದು ಇನ್ನೂ ನಿಚ್ಚಳ. ಮೂರು ವಾಕ್ಯ ನೋಡಿ. 'ಮಗುವನ್ನು ನಡೆಯಲು ಬಿಟ್ಟಳು.' 'ಮಗುವನ್ನು ನಡೆಸಿದಳು.' 'ಮಗು ನಡೆಯುವ ಹಾಗೆ ಮಾಡಿದಳು.' ಮೊದಲನೆಯದರಲ್ಲಿ ಅವಳು ತಡೆಯಲಿಲ್ಲ. ಇದು ಲೆಟ್, ಅಲೋ. ಎರಡನೆಯದರಲ್ಲಿ ಕೆಲಸ ಅವಳ ಕೈಯಿಂದಲೇ ನಡೆಯಿತು. ಇದು ಇಂಗ್ಲಿಷಿನ ಮೇಕ್. ಮೂರನೆಯದು ಎನೇಬಲ್‌ಗೆ ಅತಿ ಹತ್ತಿರ: ಬೇಕಾದದ್ದನ್ನು ಅವಳು ಒದಗಿಸಿದಳು, ನಡೆದದ್ದು ಮಗು. ನಮ್ಮ '‑ಇಸು' ಪ್ರತ್ಯಯವನ್ನು ಕಂಡಕಂಡಲ್ಲಿ ಎನೇಬಲ್‌ಗೆ ಹಚ್ಚಬಾರದು ಅನ್ನುವುದು ಇದಕ್ಕೇ. ಮಾಡಿಸು, ಓಡಿಸು, ಬರೆಸು ಅನ್ನುವುದರಲ್ಲಿ ಒತ್ತಾಯದ ನೆರಳು ಇದೆ. ಆದರೆ ಒಂದು ಚೆಂದದ ಅಪವಾದವೂ ಇದೆ: 'ಓದಿಸು'. 'ಅಕ್ಕ ದುಡಿದು ತಮ್ಮನನ್ನು ಓದಿಸಿದಳು' ಅಂದಾಗ ಅವಳು ಪುಸ್ತಕ ಹಿಡಿದು ಪಕ್ಕದಲ್ಲಿ ಕೂತಿದ್ದಳು ಅಂತ ಯಾರೂ ಅಂದುಕೊಳ್ಳುವುದಿಲ್ಲ. ಫೀಸು ಕಟ್ಟಿದಳು, ಪುಸ್ತಕ ಕೊಡಿಸಿದಳು, ಮನೆಯ ಹೊರೆ ಅವನ ಮೇಲೆ ಬೀಳದ ಹಾಗೆ ನೋಡಿಕೊಂಡಳು. ಓದಿದ್ದು ಅವನು. ಇಂಗ್ಲಿಷಿನ ಎನೇಬಲ್ ಹೇಳುವುದು ಇದನ್ನೇ.

ಈಗ ನಿಮ್ಮ ತಪ್ಪಾದ ವಾಕ್ಯಕ್ಕೆ ಬರುತ್ತೇನೆ. ಎನೇಬಲ್ ಸಕರ್ಮಕ ಕ್ರಿಯಾಪದ. ಅದರ ಹಿಂದೆಯೇ ಯಾರನ್ನು ಅಥವಾ ಏನನ್ನು ಅನ್ನುವುದು ಬರಲೇಬೇಕು. ಬರುವ ರೀತಿ ಎರಡು. ಒಂದು, 'ಎನೇಬಲ್ಸ್ ಯೂ ಟು ಶೇರ್ ಫೋಟೋಸ್': ಮೊದಲು ವ್ಯಕ್ತಿ, ಆಮೇಲೆ 'ಟು', ಆಮೇಲೆ ಕ್ರಿಯೆ. ಇನ್ನೊಂದು, 'ಎನೇಬಲ್ಸ್ ಫೋಟೋ ಶೇರಿಂಗ್': ನೇರವಾಗಿ ನಾಮಪದ. ನೀವು ವ್ಯಕ್ತಿಯನ್ನು ಬಿಟ್ಟು ಸೀದಾ 'ಟು ಶೇರ್'ಗೆ ಹಾರಿದ್ದೀರಿ. ಅದು ಕನ್ನಡದ ರೂಢಿಯಿಂದ ಬಂದದ್ದು. 'ಈ ಆ್ಯಪ್ ಫೋಟೋ ಹಂಚಿಕೊಳ್ಳಲು ಅನುವು ಮಾಡಿಕೊಡುತ್ತದೆ' ಅಂದರೆ ನಮಗೆ ಏನೂ ಕೊರೆ ಕಾಣುವುದಿಲ್ಲ. ಯಾರಿಗೆ ಅನ್ನುವುದನ್ನು ನಾವು ಕೇಳುವವರ ಊಹೆಗೆ ಬಿಡುತ್ತೇವೆ. ಇಂಗ್ಲಿಷ್ ಬಿಡುವುದಿಲ್ಲ.

ಇದೇ ಗುಂಪಿನ ಇನ್ನೊಂದು ತಪ್ಪು 'ಎನೇಬಲ್ಸ್ ಟು ಅಸ್ ಟು ಸೀ'. ಇಲ್ಲಿ ಕಾಲೆಳೆಯುವುದು ನಮ್ಮ ಚತುರ್ಥಿ ವಿಭಕ್ತಿ. 'ನಮಗೆ' ಅನುವು ಮಾಡಿಕೊಡುತ್ತದೆ ಅಲ್ವಾ, ಆ 'ಗೆ' ಇಂಗ್ಲಿಷಿಗೂ ಜೊತೆಯಲ್ಲೇ ಹೋಗಿ 'ಟು' ಆಗಿ ಕೂರುತ್ತದೆ. 'ಪ್ಲೀಸ್ ಎನೇಬಲ್ ಮಿ ದಿ ಆಕ್ಸೆಸ್' ಅನ್ನುವುದೂ ಹೀಗೆ ಹುಟ್ಟಿದ್ದು. ಗಿವ್ ಅನ್ನುವ ಪದಕ್ಕೆ ಎರಡು ಕರ್ಮ ಹೊರುವ ಶಕ್ತಿ ಇದೆ, ಎನೇಬಲ್‌ಗೆ ಇಲ್ಲ. 'ಪ್ಲೀಸ್ ಗಿವ್ ಮಿ ಆಕ್ಸೆಸ್' ಅನ್ನಿ, ಇಲ್ಲ 'ಪ್ಲೀಸ್ ಎನೇಬಲ್ ಆಕ್ಸೆಸ್ ಫಾರ್ ಮೈ ಅಕೌಂಟ್' ಅನ್ನಿ. ಲೆಟ್ ಮತ್ತು ಮೇಕ್ ಹಿಂದೆ 'ಟು' ಬರುವುದಿಲ್ಲ, ಎನೇಬಲ್ ಮತ್ತು ಅಲೋ ಹಿಂದೆ ವ್ಯಕ್ತಿ ಬಂದಮೇಲೆ 'ಟು' ಬಿಡುವ ಹಾಗಿಲ್ಲ. 'ಎನೇಬಲ್ ದಟ್' ಅಂತ ಉಪವಾಕ್ಯ ಜೋಡಿಸುವುದಂತೂ ಇಲ್ಲವೇ ಇಲ್ಲ. ರಜೆಯ ಅರ್ಜಿಯಲ್ಲಿ 'ಎನೇಬಲ್ ಮೈ ಲೀವ್' ಅನ್ನಬೇಡಿ, ರಜೆಗೆ ಬೇಕಾದದ್ದು ಅನುಮತಿ. ಅಲ್ಲಿ 'ಗ್ರಾಂಟ್' ಅಥವಾ 'ಅಪ್ರೂವ್' ಸರಿ.

ಅನುವಾದಕರಾದ ನಿಮಗೆ ಜಾಸ್ತಿ ಕೆಲಸಕ್ಕೆ ಬರುವುದು ಕಂಪ್ಯೂಟರಿನ ಎನೇಬಲ್. ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಯಾಕೆಂದರೆ ಇಲ್ಲಿ ಪದ ತಪ್ಪಿದರೆ ಓದುಗರು ತಪ್ಪು ಗುಂಡಿ ಒತ್ತುತ್ತಾರೆ.

ಫೋನು, ಕಂಪ್ಯೂಟರುಗಳ ಕನ್ನಡ ಪರದೆಗಳಲ್ಲಿ ಎನೇಬಲ್‌ಗೆ 'ಸಕ್ರಿಯಗೊಳಿಸಿ', ಡಿಸೇಬಲ್‌ಗೆ 'ನಿಷ್ಕ್ರಿಯಗೊಳಿಸಿ' ಸಾಕಷ್ಟು ಬೇರೂರಿವೆ. ನನ್ನ ತಕರಾರು ಪದ ಸಂಸ್ಕೃತದ್ದು ಅಂತಲ್ಲ. ಸಕ್ರಿಯ ಅಂದರೆ ಆಗಲೇ ಕೆಲಸ ಮಾಡುತ್ತಿರುವುದು. ಅದು 'ಆ್ಯಕ್ಟಿವೇಟ್' ಪದಕ್ಕೆ ಸರಿಯಾದ ಜೋಡಿ. ಎನೇಬಲ್ ಅಂದರೆ ಕೆಲಸ ಮಾಡಲು ತಯಾರಾಗಿರುವುದು. ಒಂದೇ ಕೈಪಿಡಿಯಲ್ಲಿ ಎರಡೂ ಪದ ಬಂದಾಗ ಎರಡಕ್ಕೂ 'ಸಕ್ರಿಯ'ವನ್ನೇ ಹಾಕಿದರೆ ಓದುಗರಿಗೆ ದಾರಿ ತಪ್ಪುತ್ತದೆ.

ಲಿನಕ್ಸ್ (ವಿಂಡೋಸ್ ಥರದ ಇನ್ನೊಂದು ಕಂಪ್ಯೂಟರ್ ವ್ಯವಸ್ಥೆ) ಬಳಸುವವರಿಗೆ ಇದರ ಅತ್ಯಂತ ಸ್ಪಷ್ಟ ಉದಾಹರಣೆ ಗೊತ್ತಿರುತ್ತದೆ. ಇವತ್ತಿನ ಬಹಳಷ್ಟು ಲಿನಕ್ಸ್ ವ್ಯವಸ್ಥೆಗಳಲ್ಲಿ ಹಿನ್ನೆಲೆಯ ಸೇವೆಗಳನ್ನು ನೋಡಿಕೊಳ್ಳುವುದು ಸಿಸ್ಟಮ್‌ಡಿ ಅನ್ನುವ ಪ್ರೋಗ್ರಾಂ. ಅದರ ಸಿಸ್ಟಮ್‌ಸಿಟಿಎಲ್ ಆಜ್ಞೆಯಲ್ಲಿ 'ಸ್ಟಾರ್ಟ್' ಬೇರೆ, 'ಎನೇಬಲ್' ಬೇರೆ. ಒಂದು ಸೇವೆಗೆ ಸ್ಟಾರ್ಟ್ ಕೊಟ್ಟರೆ ಅದು ಈ ಕ್ಷಣ ಓಡಲು ಶುರು ಮಾಡುತ್ತದೆ, ಆದರೆ ಯಂತ್ರ ಆರಿಸಿ ಹಚ್ಚಿದರೆ ತಾನಾಗಿ ಏಳುವುದಿಲ್ಲ. ಎನೇಬಲ್ ಕೊಟ್ಟರೆ ಮುಂದಿನ ಸಲ ಯಂತ್ರ ಹಚ್ಚಿದಾಗ ತಾನಾಗಿ ಏಳುವ ಏರ್ಪಾಡು ಆಗುತ್ತದೆ, ಆದರೆ ಈಗ ಏನೂ ಓಡುವುದಿಲ್ಲ. ಎರಡೂ ಒಟ್ಟಿಗೆ ಬೇಕಾದರೆ ಎನೇಬಲ್ ಜೊತೆಗೆ 'ನೌ' ಅಂತ ಸೇರಿಸಬೇಕು. ಹಾಗೇ ಡಿಸೇಬಲ್ ಕೊಟ್ಟ ಮಾತ್ರಕ್ಕೆ ಓಡುತ್ತಿರುವ ಸೇವೆ ನಿಲ್ಲುವುದಿಲ್ಲ, ಅದಕ್ಕೆ 'ಸ್ಟಾಪ್' ಬೇಕು. ಹೊಸದಾಗಿ ಕಲಿಯುವವರು 'ಎನೇಬಲ್ ಮಾಡಿದೆ, ಓಡ್ತಾನೇ ಇಲ್ಲ' ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಎನೇಬಲ್ ಅಂದರೆ ಶುರು ಮಾಡು ಅಂತ ಮನಸ್ಸಿನಲ್ಲಿ ಕೂತಿರುವುದೇ ಕಾರಣ. ಇಲ್ಲಿ ಕನ್ನಡದಲ್ಲಿ 'ಯಂತ್ರ ಹಚ್ಚಿದಾಗ ತಾನಾಗಿ ಶುರುವಾಗುವಂತೆ ಮಾಡಿ' ಅಂತ ಬಿಡಿಸಿ ಬರೆದರೆ ಒಂದು ಸಾಲು ಉದ್ದವಾಗುತ್ತದೆ, ಆದರೆ ಯಾರಿಗೂ ಗೊಂದಲ ಆಗುವುದಿಲ್ಲ.

ಇನ್ನೊಂದು ಉದಾಹರಣೆಯಲ್ಲಿ ನಷ್ಟ ದೊಡ್ಡದು. ಮೈಕ್ರೋಸಾಫ್ಟ್ ವರ್ಡ್, ಎಕ್ಸೆಲ್‌ನಲ್ಲಿ ಮ್ಯಾಕ್ರೋ ಇರುವ ಕಡತ ತೆರೆದರೆ ಮೇಲೆ ಹಳದಿ ಪಟ್ಟಿ ಬಂದು 'ಎನೇಬಲ್ ಕಂಟೆಂಟ್' ಅನ್ನುವ ಗುಂಡಿ ಕಾಣುತ್ತದೆ. ಕಂಟೆಂಟ್ ಅಂದರೆ ಒಳಗಿನ ಬರಹ, ಎನೇಬಲ್ ಅಂದರೆ ತೋರಿಸು ಅಂತ ಜನ ಓದಿಕೊಳ್ಳುತ್ತಾರೆ. ಆ ಗುಂಡಿ ಮಾಡುವುದೇ ಬೇರೆ: ಕಡತದೊಳಗೆ ಅಡಗಿರುವ ಮ್ಯಾಕ್ರೋ, ಅಂದರೆ ಒಂದು ಪುಟ್ಟ ಪ್ರೋಗ್ರಾಂ, ನಿಮ್ಮ ಕಂಪ್ಯೂಟರಿನಲ್ಲಿ ಓಡಲು ಬಿಡುತ್ತದೆ. ವಂಚಕರು ಈ ಗೊಂದಲವನ್ನೇ ವರ್ಷಗಟ್ಟಲೆ ಬಳಸಿಕೊಂಡರು. ಮಸುಕಾದ ಒಂದು ಪುಟ ತೋರಿಸಿ, ಓದಬೇಕಾದರೆ ಮೇಲಿನ ಗುಂಡಿ ಒತ್ತಿ ಅಂತ ಬರೆದಿರುತ್ತಿದ್ದರು. ಒತ್ತಿದರೆ ಕುತಂತ್ರಾಂಶ ಒಳಗೆ ಬರುತ್ತಿತ್ತು. ಕೊನೆಗೆ 2022ರಲ್ಲಿ ಮೈಕ್ರೋಸಾಫ್ಟ್ ಇಂಟರ್ನೆಟ್ಟಿನಿಂದ ಬಂದ ಕಡತಗಳಲ್ಲಿ ಮ್ಯಾಕ್ರೋಗಳನ್ನು ತಾನಾಗಿಯೇ ತಡೆಯಲು ಶುರು ಮಾಡಿತು. ಇಂಥ ಗುಂಡಿಯನ್ನು 'ವಿಷಯ ಸಕ್ರಿಯಗೊಳಿಸಿ' ಅಂತ ತಂದರೆ ಅಪಾಯ ಕನ್ನಡದಲ್ಲೂ ಹಾಗೇ ಅಡಗಿ ಕೂರುತ್ತದೆ. 'ಕಡತದೊಳಗಿನ ಪ್ರೋಗ್ರಾಂ ಓಡಲು ಬಿಡಿ' ಅಂದರೆ ಒತ್ತುವ ಬೆರಳು ಒಂದು ಕ್ಷಣ ತಡೆಯುತ್ತದೆ. ಅನುವಾದಕರಿಗೆ ಇಂಥ ಕಡೆ ಹೊಣೆ ಇದೆ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಉಳಿದ ಸಾಮಾನ್ಯ ಸ್ವಿಚ್ಚುಗಳಿಗೆ ಇಷ್ಟು ಯೋಚನೆ ಬೇಡ. ಲೊಕೇಶನ್, ಬ್ಲೂಟೂತ್, ನೋಟಿಫಿಕೇಶನ್ ಇವುಗಳಿಗೆ 'ಆನ್ ಮಾಡಿ' ಸಾಕು. ಜನ ಆಡುವುದೂ ಅದನ್ನೇ. 'ಎನೇಬಲ್ಡ್ ಬೈ ಡಿಫಾಲ್ಟ್' ಅಂದರೆ 'ಮೊದಲಿಂದಲೇ ಆನ್ ಆಗಿರುತ್ತದೆ'. ಬಾಲಕ್ಕೆ 'ಎನೇಬಲ್ಡ್' ಅಂಟಿಸಿದ 'ವಾಯ್ಸ್ ಎನೇಬಲ್ಡ್', 'ಬ್ಲೂಟೂತ್ ಎನೇಬಲ್ಡ್' ಅನ್ನುವವಕ್ಕೆ 'ಮಾತಿನಿಂದ ನಡೆಸಬಹುದಾದ', 'ಬ್ಲೂಟೂತ್ ಇರುವ' ಅನ್ನಬಹುದು. ಇಲ್ಲಿ ಎನೇಬಲ್ಡ್ ಪದಕ್ಕೆ ಬೇರೆ ತೂಕವೇ ಇಲ್ಲ.

ಕಾನೂನಿನಲ್ಲಿ ಇದೇ ಪದಕ್ಕೆ ಅಧಿಕಾರದ ಅರ್ಥ ಇದೆ. 'ಎನೇಬಲಿಂಗ್ ಆ್ಯಕ್ಟ್' ಅಂದರೆ ಇನ್ನೊಬ್ಬರಿಗೆ ಏನನ್ನೋ ಮಾಡುವ ಅಧಿಕಾರ ಕೊಡುವ ಕಾಯ್ದೆ. ಅಮೆರಿಕದ ಕಾಂಗ್ರೆಸ್ 1802ರಲ್ಲಿ ಇಂಥ ಒಂದು ಕಾಯ್ದೆ ಮಾಡಿ, ಒಹಾಯೊ ಪ್ರದೇಶದ ಜನ ತಮ್ಮ ಸಂವಿಧಾನ ಬರೆದುಕೊಂಡು ರಾಜ್ಯವಾಗಲು ದಾರಿ ಮಾಡಿಕೊಟ್ಟಿತು. 1803ರಲ್ಲಿ ಒಹಾಯೊ ರಾಜ್ಯವಾಯಿತು. ಅದೇ ಹೆಸರು ಹೊತ್ತ ಇನ್ನೊಂದು ಕಾಯ್ದೆ ಜರ್ಮನಿಯದು. 1933ರ ಮಾರ್ಚ್ 23ರಂದು ಅಲ್ಲಿನ ಸಂಸತ್ತು, ತನ್ನನ್ನು ಕೇಳದೆಯೇ ಕಾನೂನು ಮಾಡುವ ಅಧಿಕಾರವನ್ನು ಹಿಟ್ಲರನ ಸರ್ಕಾರಕ್ಕೆ ಕೊಟ್ಟಿತು. ಆ ಕಾನೂನು ಸಂವಿಧಾನಕ್ಕೆ ಹೊಂದದಿದ್ದರೂ ನಡೆಯುತ್ತದೆ ಅಂತ ಅದರಲ್ಲೇ ಬರೆದಿತ್ತು. ಕಮ್ಯುನಿಸ್ಟ್ ಸದಸ್ಯರನ್ನು ಆಗಲೇ ಹೊರಗಿಟ್ಟಿದ್ದರು. ಸೋಶಿಯಲ್ ಡೆಮಾಕ್ರಾಟರು ಮಾತ್ರ ವಿರುದ್ಧ ಮತ ಹಾಕಿದರು. ಇತಿಹಾಸದ ಇಂಗ್ಲಿಷ್ ಪುಸ್ತಕಗಳಲ್ಲಿ ಸುಮ್ಮನೆ 'ದಿ ಎನೇಬಲಿಂಗ್ ಆ್ಯಕ್ಟ್' ಅಂತ ಇದ್ದರೆ ಅದು ಸಾಮಾನ್ಯವಾಗಿ ಇದೇ. ಒಂದೇ ಪದ, ಒಂದು ಕಡೆ ಜನರ ಕೈಗೆ ಅಧಿಕಾರ ಬಂತು, ಇನ್ನೊಂದು ಕಡೆ ಜನರ ಕೈಯಿಂದ ಹೋಯಿತು. ಪದ ಯಾವ ಪಕ್ಷವನ್ನೂ ಹಿಡಿಯುವುದಿಲ್ಲ. ಇವಕ್ಕೆ ಕನ್ನಡದಲ್ಲಿ 'ಅಧಿಕಾರ ಕೊಡುವ ಕಾಯ್ದೆ' ಅನ್ನುವುದೇ ನೇರ. 'ಸಮರ್ಥಗೊಳಿಸುವ ಕಾಯ್ದೆ' ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಇದರಿಂದ 'ಎನೇಬಲರ್' ಹೇಗೆ ಕೆಟ್ಟ ಪದ ಆಯಿತು ಅನ್ನುವುದಕ್ಕೂ ಉತ್ತರ ಸಿಕ್ಕಿತು. ವ್ಯಾಪಾರದ ವರದಿಗಳಲ್ಲಿ ಎನೇಬಲರ್ ಅಂದರೆ ಬೆಳವಣಿಗೆಗೆ ಇಂಧನವಾಗುವ ತಂತ್ರಜ್ಞಾನ, ಹೊಗಳಿಕೆ. ಚಟ ಬಿಡಿಸುವವರ ಮಾತಿನಲ್ಲಿ ಎನೇಬಲರ್ ಅಂದರೆ ಚಟ ಮುಂದುವರಿಯಲು ಅನುಕೂಲ ಮಾಡಿಕೊಡುವವರು. ಕುಡಿದು ಎದ್ದೇಳಲಾಗದ ಗಂಡನ ಪರವಾಗಿ ಹೆಂಡತಿ ಆಫೀಸಿಗೆ ಫೋನ್ ಮಾಡಿ 'ಅವರಿಗೆ ಜ್ವರ' ಅನ್ನುತ್ತಾಳೆ. ಅಣ್ಣ ಸಾಲ ತೀರಿಸುತ್ತಾನೆ. ಅಮ್ಮ ಅಕ್ಕಪಕ್ಕದವರಿಗೆ ಗೊತ್ತಾಗದ ಹಾಗೆ ಮುಚ್ಚಿಡುತ್ತಾಳೆ. ಯಾರೂ ಕುಡಿ ಅನ್ನಲಿಲ್ಲ. ಆದರೆ ಕುಡಿತದ ಪೆಟ್ಟು ಕುಡಿಯುವವನಿಗೆ ತಾಗದ ಹಾಗೆ ಎಲ್ಲರೂ ನೋಡಿಕೊಂಡರು. ಹಾಗಾಗಿ ಇದಕ್ಕೆ 'ಕುಮ್ಮಕ್ಕು' ಅನ್ನುವುದು ತಪ್ಪು. ಕುಮ್ಮಕ್ಕಿನಲ್ಲಿ ಬೇಕೆಂದು ಎತ್ತಿಕಟ್ಟುವುದು ಇದೆ. ಇಲ್ಲಿರುವುದು ಪ್ರೀತಿ, ಮರ್ಯಾದೆಯ ಅಂಜಿಕೆ. ನಮ್ಮಲ್ಲಿ ಇದಕ್ಕೆ ಹೊಂದುವ ಮಾತು 'ಇಂಬು ಕೊಡು'. ಇಂಬು ಅಂದರೆ ಜಾಗ, ಆಸರೆ. 'ಚಟಕ್ಕೆ ಇಂಬು ಕೊಟ್ಟ ಹಾಗಾಯಿತು' ಅಂದರೆ ಕೆಟ್ಟ ಉದ್ದೇಶ ಇಲ್ಲದೆಯೂ ಕೆಟ್ಟದ್ದು ಬೆಳೆಯಲು ಎಡೆ ಆಯಿತು ಅನ್ನುವುದು ಬರುತ್ತದೆ. 'ಆಸ್ಪದ ಕೊಡು' ಕೂಡ ಹತ್ತಿರದ್ದೇ.

ಆದರೆ ಈ ಪದವನ್ನು ಮನುಷ್ಯರಿಗೆ ಹಣೆಪಟ್ಟಿಯಾಗಿ ಅಂಟಿಸಬೇಡಿ ಅಂತ ಕೇಳಿಕೊಳ್ಳುತ್ತೇನೆ. 'ಅವಳು ಎನೇಬಲರ್' ಅಂದಾಗ ಕುಡಿದವನ ತಪ್ಪು ಮೆಲ್ಲಗೆ ಅವಳ ತಲೆಗೆ ಬರುತ್ತದೆ. ಕೆಲಸ ಹೋದರೆ ಮಕ್ಕಳಿಗೆ ಊಟ ಇಲ್ಲ ಅನ್ನುವ ಹೆದರಿಕೆಯಿಂದ ಅವಳು ಸುಳ್ಳು ಹೇಳಿರಬಹುದು. 'ಹೀಗೆ ಮುಚ್ಚಿಟ್ಟರೆ ಚಟಕ್ಕೆ ಇಂಬು ಸಿಗುತ್ತದೆ' ಅಂತ ನಡತೆಯ ಬಗ್ಗೆ ಬರೆದರೆ ವಿಷಯವೂ ತಲುಪುತ್ತದೆ, ಯಾರನ್ನೂ ನೋಯಿಸುವುದಿಲ್ಲ.

ಇಷ್ಟೆಲ್ಲ ಆದಮೇಲೆ ಅನುವಾದದ ಮುಖ್ಯ ಗುಟ್ಟು. ಇಂಗ್ಲಿಷಿಗೆ ನಿರ್ಜೀವ ವಸ್ತುವನ್ನು ಕರ್ತೃ ಮಾಡಿ ಕೂರಿಸುವುದು ಬಹಳ ಇಷ್ಟ. 'ದಿ ಸ್ಕಾಲರ್‌ಶಿಪ್ ಎನೇಬಲ್ಡ್ ಹರ್ ಟು ಸ್ಟಡಿ ಮೆಡಿಸಿನ್.' ಇದನ್ನು 'ವಿದ್ಯಾರ್ಥಿವೇತನವು ಅವಳನ್ನು ವೈದ್ಯಕೀಯ ಓದಲು ಸಮರ್ಥಗೊಳಿಸಿತು' ಅಂತ ಬರೆದರೆ ವ್ಯಾಕರಣ ತಪ್ಪಲ್ಲ, ಆದರೆ ಯಾವ ಕನ್ನಡಿಗರೂ ಹೀಗೆ ಮಾತಾಡುವುದಿಲ್ಲ. ಮೇಲಾಗಿ ಅವಳು ಮೊದಲು ಅಸಮರ್ಥಳಾಗಿದ್ದಳು ಅನ್ನುವ ಅಪಾರ್ಥ ಬೇರೆ. ಅವಳಿಗೆ ಬುದ್ಧಿ ಇತ್ತು, ಇಲ್ಲದ್ದು ದುಡ್ಡು. ಕನ್ನಡದ ದಾರಿ ಹೀಗೆ: 'ಸ್ಕಾಲರ್‌ಶಿಪ್ ಸಿಕ್ಕಿದ್ದರಿಂದ ಅವಳಿಗೆ ಡಾಕ್ಟರ್ ಓದು ಓದಲು ಆಯಿತು.' ಇಂಗ್ಲಿಷಿನ ಕರ್ತೃ ಇಲ್ಲಿ '‑ಇಂದ' ಹಚ್ಚಿಕೊಂಡು ಕಾರಣವಾಯಿತು. ಇಂಗ್ಲಿಷಿನ ಕರ್ಮ '‑ಗೆ' ಹಚ್ಚಿಕೊಂಡು ಮುಂದೆ ಬಂತು. ಎನೇಬಲ್ ಅನ್ನುವ ಕ್ರಿಯಾಪದ ಕರಗಿ 'ಆಯಿತು' ಅನ್ನುವುದರಲ್ಲಿ ಸೇರಿಕೊಂಡಿತು. ಆದರೆ ಮೊದಲೇ ಹೇಳಿದ ಹಾಗೆ, ಎನೇಬಲ್ ತಾನಾಗಿ ಫಲಿತಾಂಶ ಹೇಳುವುದಿಲ್ಲ. ಕೆಲಸ ನಡೆದದ್ದು ಸುತ್ತಲಿನ ವಾಕ್ಯದಿಂದ ಗೊತ್ತಿದ್ದರೆ 'ಆಯಿತು' ಅನ್ನಿ. ಗೊತ್ತಿಲ್ಲದಿದ್ದರೆ 'ಓದುವ ಅವಕಾಶ ಸಿಕ್ಕಿತು', 'ಓದಲು ಅನುಕೂಲವಾಯಿತು' ಅಷ್ಟಕ್ಕೇ ನಿಲ್ಲಿ.

ನಿಮ್ಮ ಆ್ಯಪ್ ವಾಕ್ಯವನ್ನೂ ಹೀಗೇ ತಿರುಗಿಸಿ: 'ಈ ಆ್ಯಪ್‌ನಲ್ಲಿ ಫೋಟೋ ಹಂಚಿಕೊಳ್ಳಬಹುದು.' ಎನೇಬಲ್ಸ್, ಯೂ, ಟು ಮೂರೂ ಹೋಗಿ '‑ಬಹುದು' ಒಂದೇ ಉಳಿಯಿತು. ಕೈಪಿಡಿಯ ಎನೇಬಲ್‌ಗಳಲ್ಲಿ ದೊಡ್ಡ ಪಾಲು ಈ '‑ಬಹುದು'ವಿನಲ್ಲೇ ಮುಗಿಯುತ್ತದೆ. ವರದಿ, ಭಾಷಣದ ಬರಹಕ್ಕೆ 'ಅನುವು ಮಾಡಿಕೊಡು', 'ದಾರಿ ಮಾಡಿಕೊಡು', 'ಸಾಧ್ಯವಾಗಿಸು' ಚೆನ್ನಾಗಿ ಕೂರುತ್ತವೆ. 'ಸಮರ್ಥಗೊಳಿಸು' ಅನ್ನುವುದನ್ನು ತರಬೇತಿ ಕೊಟ್ಟು ವ್ಯಕ್ತಿಯೊಳಗೇ ಕಸುವು ತುಂಬಿದ ಸಂದರ್ಭಕ್ಕೆ ಎತ್ತಿಡಿ. ನಾಳೆ ಕೈಪಿಡಿ ತೆರೆದಾಗ ಎನೇಬಲ್ ಕಂಡಲ್ಲೆಲ್ಲ ಮೊದಲು '‑ಬಹುದು' ಹಾಕಿ ಓದಿನೋಡಿ, ಹೊಂದದ ಕಡೆ ಮಾತ್ರ ಬೇರೆ ಮಾತು ಹುಡುಕಿ.